ಅಚ್ಚಿನ ಅಪವಾದ

1877ರಲ್ಲಿ ಮೊದಲು ಬ್ರಸೆಲ್ಸ್ ನಗರದಲ್ಲಿಯೂ ಅನಂತರ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿಯೂ ಆಗಸ್ಟ್ ರೊದ್ಯಾಂ ತನ್ನ ‘ಕಂಚಿನ ಯುಗ’ವೆಂಬ ನಗ್ನ ಪುರುಷವಿಗ್ರಹವನ್ನು ಮುಂದಿರಿಸಿದಾಗ, ಅದರ ಸ್ನಾಯುಗಳ ಸಹಜತೆಗೆ ಬೆರಗಾಗಬೇಕಾಗಿದ್ದ ವಿಮರ್ಶಕರೇ, ಇದು ಜೀವಂತ ದೇಹಕ್ಕೆ ಪ್ಲಾಸ್ಟರ್ ಮೆತ್ತಿ ತೆಗೆದ ಅಚ್ಚೆಂದು ಅಪವಾದ ಹೊರಿಸಿದರು. ರೂಪದರ್ಶಿಯಾಗಿ ನಿಂತಿದ್ದ ಬೆಲ್ಜಿಯಂ ಸೈನಿಕನ ಛಾಯಾಚಿತ್ರಗಳನ್ನು ಶಿಲ್ಪಿಯು ಸಾಕ್ಷ್ಯವಾಗಿ ಒದಗಿಸಬೇಕಾಯಿತು. ಮುಂದೆ ಸ್ನಾನಿಕ ಯೋಹಾನನನ್ನು ರೂಪಿಸುವಾಗ, ಅಂಥ ಶಂಕೆಗೆ ಎಡೆಯೇ ಇರದಂತೆ, ಆಳೆತ್ತರವನ್ನು ಮೀರಿದ ಪ್ರಮಾಣವನ್ನು ಆರಿಸಿಕೊಂಡನು.

ಅಂದು ಕಳಂಕವೆನಿಸಿದ್ದ ಆ ವಿಧಾನವನ್ನೇ ಅಮೆರಿಕದ ಡ್ವೇನ್ ಹ್ಯಾನ್ಸನ್ 1960ರ ದಶಕದ ಉತ್ತರಾರ್ಧದಲ್ಲಿ ಮುಚ್ಚುಮರೆಯಿಲ್ಲದೆ ಕೈಗೊಂಡನು. ಬದುಕಿರುವವರ ಅಂಗಾಂಗಗಳಿಂದ ಬಿಡಿಬಿಡಿಯಾಗಿ ಅಚ್ಚು ತೆಗೆದು, ಗಾಜಿನ ನಾರಿನಿಂದ ಬಿಗಿಗೊಳಿಸಿದ ಪಾಲಿಯೆಸ್ಟರ್ ರಾಳದಲ್ಲಿ ಆ ಅವಯವಗಳನ್ನು ಮರಳಿ ಪಡೆದು, ಜೋಡಿಸಿ, ಚರ್ಮದ ಕಲೆಗಳೂ ನೀಲಿಯ ನರಗಳೂ ತೋರುವಂತೆ ಬಣ್ಣವಿಟ್ಟು, ಕೂದಲು ನೆಟ್ಟು, ನಿಜವಾದ ಉಡುಪನ್ನೇ ತೊಡಿಸಿ ಆತನು ನಿಲ್ಲಿಸಿದ ಮೂರ್ತಿಗಳು ಯಾರವು? ಲಂಡನ್ನಿನ ಟುಸ್ಸಾಡ್ ಮೇಣದ ಶಾಲೆಯಲ್ಲಿ ಯಥಾರ್ಥ ಸಾದೃಶ್ಯವು ಅರಸರಿಗೂ ಕುಖ್ಯಾತ ಕೊಲೆಗಾರರಿಗೂ ಸಲ್ಲುತ್ತಿದ್ದ ಮರ್ಯಾದೆಯಾಗಿತ್ತು. ಹ್ಯಾನ್ಸನ್ ಅದನ್ನು ಕಸಗುಡಿಸುವವಳಿಗೆ, ಕೊರಳಲ್ಲಿ ಕ್ಯಾಮೆರಾ ತೂಗುಬಿಟ್ಟ ಪ್ರವಾಸಿ ದಂಪತಿಗಳಿಗೆ, ಕೂದಲಿಗೆ ಸುರುಳಿ ಕಟ್ಟಿಕೊಂಡು ತಿಂಡಿತಿನಿಸುಗಳಿಂದ ತುಂಬಿದ ಗಾಡಿಯನ್ನು ತಳ್ಳುವ ಸ್ಥೂಲಕಾಯದ ಗೃಹಿಣಿಗೆ ಸಲ್ಲಿಸಿದನು. ಎದುರಿಗೆ ನಡೆದುಹೋದರೆ ನಾವು ಕಣ್ಣೆತ್ತಿಯೂ ನೋಡದ ಈ ಜನರ ಮುಂದೆ ಪ್ರೇಕ್ಷಕನು ಬಹಳ ಹೊತ್ತು ನಿಂತು, ಅವರ ಮುಖದ ದಣಿವನ್ನೂ ಬೇಸರವನ್ನೂ ಓದುವಂತಾಯಿತು. ಕೇವಲ ಕೈಚಳಕವೆಂದು ಇದನ್ನು ತಳ್ಳಿಹಾಕುವವರು ಈ ಕಾರುಣ್ಯವನ್ನು ಲೆಕ್ಕಕ್ಕೆ ತಂದುಕೊಂಡಿಲ್ಲವೆಂದೇ ನನ್ನ ಎಣಿಕೆ. 1972ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಇಂಥ ಯಥಾರ್ಥ ಸಾದೃಶ್ಯದ ಪಂಥಕ್ಕೆ ಯುರೋಪಿನ ಮನ್ನಣೆ ದೊರೆಯಿತು.

ಚಲನಚಿತ್ರಗಳಿಗಾಗಿ ಬೊಂಬೆಗಳನ್ನು ಮಾಡುತ್ತಿದ್ದ ಆಸ್ಟ್ರೇಲಿಯದ ರಾನ್ ಮ್ಯೂಕ್ ಅಚ್ಚಿನ ಮಾರ್ಗವನ್ನು ತೊರೆದು ಮಣ್ಣಿಗೇ ಹಿಂದಿರುಗಿದನು: ಕೈಯಿಂದ ತಿದ್ದಿದ ರೂಪವನ್ನು ಬಳಿಕ ಸಿಲಿಕೋನಿಗೂ ನಾರುಗಾಜಿಗೂ ಇಳಿಸುವುದು ಆತನ ಕ್ರಮ. ಹ್ಯಾನ್ಸನ್ನನ ಆಳೆತ್ತರವನ್ನು ಕೂಡ ಆತನು ಒಪ್ಪಲಿಲ್ಲ. 1997ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಕಾಣಿಸಿಕೊಂಡ, ಆತನ ತಂದೆಯ ನಗ್ನ ಶವದ ಪ್ರತಿಮೆಯು ಸುಮಾರು 1 ಮೀಟರ್ ಮಾತ್ರ ಉದ್ದವಾದುದು. ಅದಕ್ಕೆ ನೆಟ್ಟ ಕೂದಲು ಶಿಲ್ಪಿಯದೇ. ತಂದೆಯನ್ನು ಮಗುವಿನ ಅಳತೆಗೆ ತಂದ ಆ ಕುಗ್ಗುವಿಕೆಯಲ್ಲಿ ಅಡಗಿರುವ ಶೋಕವು, 2001ರಲ್ಲಿ ವೆನಿಸ್ಸಿನಲ್ಲಿ ಜನರನ್ನು ಬೆರಗುಗೊಳಿಸಿದ ಸುಮಾರು 5 ಮೀಟರ್ ಎತ್ತರದ, ಕುಕ್ಕರಗಾಲಿನಲ್ಲಿ ಕುಳಿತ ಬಾಲಕನ, ಆತನದೇ ಆದ ಪ್ರತಿಮೆಗಿಂತಲೂ ಗಾಢವಾದುದೆಂದು ನಾನು ಭಾವಿಸುತ್ತೇನೆ.