ಗಾಡಿ ಬಿಚ್ಚಿದ ಜಾಗ

ಬೇಸಿಗೆ ರಜ ಬಂತು ಅಂದ್ರೆ ನಮ್ಮ ಕೋಲಾರದ ಕಡೆ ಮನೆಮನೇಲೂ ಒಂದೇ ಮಾತು, ಎಲ್ಲಿಗೆ ಹೋಗೋಣ, ಯಾವತ್ತು ಹೊರಡೋಣ. ಎಲ್ಲಿಗೆ ಹೊರಟ್ರೂ ಅದ್ರಲ್ಲಿ ತಿರುಪತಿ ಒಂದು ಇದ್ದೇ ಇರುತ್ತೆ. ಬೆಳಗಿನ ಜಾವ ಮೂರಕ್ಕೆ ಕಾರು ಹತ್ತೋದು, ದರ್ಶನ ಮುಗಿಸೋದು, ಅದೇ ರಾತ್ರಿ ವಾಪಸ್. ಮಾರನೇ ದಿನ ಗಂಡಸರು, ಮಕ್ಕಳು ಹೊದ್ದು ಮಲಗಿರ್ತಾರೆ, ನಾವು ಒಗೆಯೋ ಬಟ್ಟೆ ಮುಂದೆ ನಿಂತಿರ್ತೀವಿ. "ಇದಕ್ಕೆ ರಜ ಅಂತ ಯಾಕಕ್ಕ ಹೆಸರು?" ಅಂತ ನಮ್ಮ ಓರಗಿತ್ತಿ ಕೇಳಿದ್ಲು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಉದ್ದ ಮಾಡಿ ಬರೀತಾ ಇದೀನಿ. ಇದೇ ದಾರೀಲಿ ನಮಗಿಂತ ಮುಂಚೆ ಹೋದ ಹೆಂಗಸರು ಹೆಂಗೆ ಹೋದ್ರು, ಎಲ್ಲಿ ಕೂತ್ರು, ಏನು ತಿಂದ್ರು ಅನ್ನೋದು ತಿಳಿದ್ರೆ ಅವಳ ಪ್ರಶ್ನೆಗೆ ಉತ್ತರ ತಾನೇ ಸಿಗುತ್ತೆ.

ನಮ್ಮ ಕಡೆ ಈ ತಿರುಪತಿ ಓಡಾಟ ಎಷ್ಟು ಹಳೇದು ಅಂದ್ರೆ ಶ್ರೀನಿವಾಸಪುರದ ಹೆಸರೇ ಒಂದು ಯಾತ್ರೆಯಿಂದ ಬಂದಿದ್ದು. ಮೊದ್ಲು ಆ ಊರು ಪಾಪನಪಲ್ಲಿ. 1799ರಿಂದ 1811ರವರೆಗೆ ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರು ತಿರುಪತಿಗೆ ಹೋಗಿ ವಾಪಸ್ ಬರುವಾಗ ಊರಿಗೆ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರಿಟ್ರು ಅಂತ ಹಳೇ ಮೈಸೂರು ಗೆಜೆಟಿಯರ್‌ನಲ್ಲಿ ಬರೆದೈತೆ. ನಮ್ಮ ಹಾಗೆ ರಾತ್ರೋರಾತ್ರಿ ಮನೆ ಸೇರೋ ಆತುರ ಇದ್ದಿದ್ರೆ ದಿವಾನರ ಕಣ್ಣಿಗೆ ಪಾಪನಪಲ್ಲಿ ಬೀಳ್ತಾನೇ ಇರ್ಲಿಲ್ಲ ಅನ್ನೋದು ನನ್ನ ಲೆಕ್ಕ.

ಮುಳಬಾಗಿಲಿನದೂ ಹಂಗೇ. ಮೂಡಲಬಾಗಿಲು, ಅಂದ್ರೆ ಮೈಸೂರು ಸೀಮೆಯ ಪೂರ್ವ ದಿಕ್ಕಿನ ಬಾಗಿಲು. ಅದು ದಾಟಿದ್ರೆ ನಂಗಲಿ, ಪಲಮನೇರು, ಆಮೇಲೆ ಮೊಗಿಲಿ ಘಾಟ್ ಇಳಿದು ಚಿತ್ತೂರು. ಪಡುವಲಿಂದ ಬರೋ ಯಾತ್ರೆಯವರು ಮುಳಬಾಗಿಲಿನ ಪಕ್ಕದ ನರಸಿಂಹತೀರ್ಥದಲ್ಲಿ ಮಿಂದು, ತಲೆ ಬೋಳಿಸ್ಕೊಂಡು, ಆಮೇಲೇ ಮುಂದಕ್ಕೆ ಹೋಗ್ತಿದ್ರು. ಹದಿನೈದನೇ ಶತಮಾನದ ಶ್ರೀಪಾದರಾಜರ ಬೃಂದಾವನ ಇರೋದೂ ಅಲ್ಲೇ. ಶುಚಿಯಾಗಿ ದೇವರ ಹತ್ರ ಹೋಗಬೇಕು ಅನ್ನೋದು ಅದರ ಕಾರಣ, ಸರಿ. ಆದ್ರೆ ಅಡುಗೆಮನೆ ಕಡೆಯಿಂದ ನೋಡಿದ್ರೆ ಇನ್ನೊಂದು ಕಾಣುತ್ತೆ. ಅದು ನಿಲ್ಲಲೇಬೇಕಾದ ಜಾಗ. ಯಾವ ಯಜಮಾನನೂ "ಬೇಡ, ಮುಂದಕ್ಕೆ ಹೋಗೋಣ" ಅನ್ನೋ ಹಾಗಿರ್ಲಿಲ್ಲ.

ನಮ್ಮಜ್ಜಿ ಜೀವನದಲ್ಲಿ ತಿರುಪತಿಗೆ ಹೋಗಿದ್ದು ಒಂದೇ ಒಂದು ಸಲ. ಶ್ರೀನಿವಾಸಪುರದ ಹತ್ರದ ಹಳ್ಳಿಯಿಂದ, ಎರಡು ಮನೆಯೋರು ಸೇರಿ ಮೂರು ಗಾಡಿ ಕಟ್ಟಿದ್ರಂತೆ. ತಿರುಮಲಕ್ಕೆ ಮೋಟಾರ್ ರಸ್ತೆ ಆಗಿದ್ದು 1944ರಲ್ಲಿ, ಅಜ್ಜಿ ಹೋಗಿದ್ದು ಅದಕ್ಕೂ ಮುಂಚೆ. ಅಲಿಪಿರಿಯಿಂದ ಮೂರೂವರೆ ಸಾವಿರ ಮೆಟ್ಟಿಲು ಹತ್ತಿದ್ರು, ಸೊಂಟದ ಮೇಲೆ ನಮ್ಮ ದೊಡ್ಡಮ್ಮ. ಆ ಒಂದು ಯಾತ್ರೆಯ ಕಥೆಯನ್ನ ಅಜ್ಜಿ ಸಾಯೋವರೆಗೂ ಹೇಳಿದ್ರು. ನಾವು ಮೊಮ್ಮಕ್ಕಳಿಗೆ ಯಾವ ತೋಪಲ್ಲಿ ಕೋತಿ ಬುತ್ತಿ ಗಂಟು ಎತ್ಕೊಂಡು ಓಡ್ತು ಅನ್ನೋದೂ ಬಾಯಿಪಾಠ.

ಅಜ್ಜಿ ಕಥೇಲಿ ದೇವರ ದರ್ಶನ ಎರಡು ಮಾತಲ್ಲಿ ಮುಗೀತಿತ್ತು. ಉಳಿದಿದ್ದೆಲ್ಲ ಗಾಡಿ ಬಿಚ್ಚಿದ ಜಾಗಗಳು. ಎತ್ತಿನ ಗಾಡಿ ಅಂದ್ರೆ ದಿನಕ್ಕೆ ಹತ್ತು ಹನ್ನೆರಡು ಮೈಲಿ. ಬಿಸಿಲು ಏರೋ ಹೊತ್ತಿಗೆ ಎಲ್ಲಾದ್ರೂ ಕೆರೆ, ಬಾವಿ, ಮರದ ನೆರಳು ನೋಡಿ ನೊಗ ಇಳಿಸಬೇಕು. ಎತ್ತು ನೀರು ಕುಡೀಬೇಕು, ಮೆಲುಕು ಹಾಕಬೇಕು. ಅಲ್ಲಿವರೆಗೂ ಮನುಷ್ಯರೂ ಕೂತಿರಬೇಕು. ಇದನ್ನ ನಾನು ಎಷ್ಟೋ ಸಲ ಯೋಚನೆ ಮಾಡಿದೀನಿ. ಸೊಸೆ ದಣಿದಿದ್ದಾಳೆ ಅಂತ ಆ ಕಾಲದಲ್ಲಿ ಯಾರೂ ಗಾಡಿ ನಿಲ್ಲಿಸ್ತಿರ್ಲಿಲ್ಲ. ಎತ್ತು ದಣಿದೈತೆ ಅಂತ ನಿಲ್ಲಿಸ್ತಿದ್ರು. ಎತ್ತಿನ ಪುಣ್ಯದಲ್ಲಿ ಹೆಂಗಸರೂ ಕಾಲು ಚಾಚಿ ಕೂತ್ರು, ತಲೆ ಬಾಚ್ಕೊಂಡ್ರು, ಬಾಯ್ತುಂಬ ಮಾತಾಡಿದ್ರು. ಮದುವೆಯಾಗಿ ಏಳು ವರ್ಷಕ್ಕೆ ಹಗಲು ಹೊತ್ತಲ್ಲಿ ಮಲಗಿದ್ದು ಅದೇ ಮೊದಲು ಅಂತಿದ್ರು ಅಜ್ಜಿ.

ಬುತ್ತಿ ವಿಷಯಾನೂ ಕೇಳಿ. ಮೊದಲೆರಡು ದಿನಕ್ಕೆ ಹುಳಿಯನ್ನ, ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ. ಆಮೇಲೆ ಪೂರ್ತಿ ದಾರಿಗೆ ಆಗೋದು ರಾಗಿ ಹುರಿಟ್ಟು, ಬೆಲ್ಲ, ಹುರಿದ ಕಡ್ಲೆಕಾಯಿ. ಹುರಿಟ್ಟಿಗೆ ಒಲೆ ಬೇಡ. ನೀರಿಗೋ ಮಜ್ಜಿಗೆಗೋ ಕಲಸಿದ್ರೆ ಆಯ್ತು, ಅವರವರದ್ದು ಅವರವರೇ ಕಲಸ್ಕೊಬಹುದು. ರಾತ್ರಿ ಮಾತ್ರ ಮೂರು ಕಲ್ಲು ಇಟ್ಟು ಒಲೆ ಹಚ್ಚೋರು. ಗಾಡಿ ಹೊಡೆಯೋ ಗಂಡಸರೇ ಮುದ್ದೆ ತಿರುವಿದ್ದೂ ಉಂಟಂತೆ. ಊರಲ್ಲಿ ನೀರಿನ ಲೋಟ ಎತ್ತಿಡದ ನಮ್ಮ ತಾತ ಪಲಮನೇರಿನ ತೋಪಲ್ಲಿ ಮುದ್ದೆ ಕಟ್ಟಿದ್ದನ್ನ ಹೇಳುವಾಗ ಅಜ್ಜಿ ಸೆರಗು ಬಾಯಿಗೆ ಅಡ್ಡ ಇಟ್ಕೊಂಡು ನಗ್ತಿದ್ರು.

ಇನ್ನೊಂದು ವಿಷಯ ಅಜ್ಜಿ ಹೆಂಗಸರ ಹತ್ರ ಮಾತ್ರ ಹೇಳ್ತಿದ್ರು. ಹೋಗೋ ದಾರೀಲಿ, ಮುಳಬಾಗಿಲಲ್ಲೇ, ಅವರ ನಾದಿನಿ ಹೊರಗಾದ್ರಂತೆ. ಅವಳನ್ನ ಬಿಟ್ಟು ಹೋಗೋಕಾಗಲ್ಲ, ಕರ್ಕೊಂಡು ಹೋಗೋಕೂ ಆಗಲ್ಲ. ಮೂರೂ ಗಾಡಿ ನಿಂತ್ವು. ಮೂರು ದಿನ ಅಡುಗೆ, ನಿದ್ದೆ ಎಲ್ಲ ಅಲ್ಲೇ. ನಾಲ್ಕನೇ ದಿನ ಆಕೆ ತಲೆಗೆ ನೀರು ಹಾಕ್ಕೊಂಡ ಮೇಲೆ ಹೊರಟ್ರು. ಬೇರೆ ಕೂರಿಸೋ ಆ ಕಟ್ಟುಪಾಡು ನನಗೆ ಹಿಡಿಸಲ್ಲ, ಅದನ್ನ ಹೊಗಳ್ತಾ ಇಲ್ಲ. ಆದ್ರೆ ಕಾದಿದ್ದನ್ನ ನೋಡಿ. ಇವತ್ತು ನಾವೇನು ಮಾಡ್ತೀವಿ? ಟಿಕೆಟ್ ದಿನ ಬದಲಾಗಲ್ಲ ಅಂತ ಹುಡುಗೀರು ಮುಂದಕ್ಕೆ ಹಾಕೋ ಮಾತ್ರೆ ನುಂಗ್ತಾರೆ, ಡಾಕ್ಟ್ರನ್ನ ಕೇಳದೆ ಮೆಡಿಕಲ್ ಶಾಪಿಂದ ತರಿಸ್ಕೊಂಡು. ಎಲ್ಲರಿಗೂ ಆ ಮಾತ್ರೆ ಆಗಿ ಬರಲ್ಲ ಕಣ್ರಮ್ಮ. ನಮ್ಮ ಮನೇಲಿ ಈಗ ಟಿಕೆಟ್ ತೆಗೆಯೋಕೆ ಮುಂಚೆ ಹೆಂಗಸರ ಕ್ಯಾಲೆಂಡರ್ ಕೇಳ್ತೀವಿ, ಬಾಯಿಬಿಟ್ಟೇ ಕೇಳ್ತೀವಿ. ನಾಚಿಕೆ ಎರಡು ನಿಮಿಷ ಇರುತ್ತೆ, ಅಷ್ಟೆ.

ಹಾಗಂತ ಆಗ ರೈಲು ಇರ್ಲಿಲ್ಲ ಅಂತಲ್ಲ. ಬೆಂಗಳೂರಿಂದ ಜೋಲಾರಪೇಟೆಗೆ 1864ರಲ್ಲೇ ರೈಲು ಬಂದಿತ್ತು. ಮಾಲೂರು, ಟೇಕಲ್, ಬೌರಿಂಗ್‌ಪೇಟೆ ಮೇಲೆ ಹಾದುಹೋಗೋದು, ಅದೇ ನಮ್ಮ ಈಗಿನ ಬಂಗಾರಪೇಟೆ. ಕೋಲಾರಕ್ಕೆ ಅಲ್ಲಿಂದ ಸಣ್ಣ ಗೇಜಿನ ರೈಲು ಬಂದಿದ್ದು 1913ರಲ್ಲಿ. ಆಮೇಲೆ ಅದೇ ಹಳಿ ಶ್ರೀನಿವಾಸಪುರ, ಚಿಂತಾಮಣಿ ಮೇಲೆ ಚಿಕ್ಕಬಳ್ಳಾಪುರ ಮುಟ್ತು. ಮಾಲೂರಿನವರಿಗೆ ಮನೆ ಬಾಗಿಲಲ್ಲಿ ದೊಡ್ಡ ರೈಲು, ಶ್ರೀನಿವಾಸಪುರದವರಿಗೆ ಈ ಪುಟ್ಟ ರೈಲು. ಅಮ್ಮ ಚಿಕ್ಕವರಿದ್ದಾಗ ತಿರುಪತಿಗೆ ಹೋಗಬೇಕಂದ್ರೆ ಪುಟ್ಟ ರೈಲಲ್ಲಿ ಬಂಗಾರಪೇಟೆ, ಅಲ್ಲಿ ಗಾಡಿ ಬದಲಾಯಿಸಿ ಕಾಟ್ಪಾಡಿ, ಅಲ್ಲಿ ಮತ್ತೆ ಬದಲಾಯಿಸಬೇಕು. ಎರಡು ಕಡೆಯೂ ಗಂಟೆಗಟ್ಟಲೆ ಕಾಯಬೇಕು. ತೊಂದ್ರೆ ಅಂತ ಗೊಣಗಿದ್ರೂ, ಹೋಲ್ಡಾಲ್ ಬಿಚ್ಚಿ ಹಾಸಿ ಹೆಂಗಸರ ವೇಟಿಂಗ್ ರೂಮಲ್ಲಿ ಕೂತಿದ್ದೇ ಅಮ್ಮನ ನೆನಪಲ್ಲಿ ಗಟ್ಟಿಯಾಗಿ ಉಳ್ಕೊಂಡಿರೋದು. ಎತ್ತು ಹೋದ್ರೂ ನಿಲ್ಲೋದು ಹೋಗಿರ್ಲಿಲ್ಲ. ಕಿಟಕಿ ಸೀಟಿಗೆ ಮಕ್ಕಳು ಜಗಳ ಆಡಬಾರ್ದು ಅಂತ ಸ್ಟೇಷನ್ ಬಂದಾಗೆಲ್ಲ ಜಾಗ ಬದಲಾಯಿಸೋ ಪದ್ಧತಿ ಇತ್ತಂತೆ. ಇದನ್ನ ನಾವು ಕಾರಲ್ಲೂ ಇಟ್ಕೊಂಡಿದೀವಿ, ಟೋಲ್ ಬಂದಾಗ ಬದಲಾವಣೆ.

ಆಮೇಲೆ ಬಸ್ಸು. 1948ರಲ್ಲಿ ಮೈಸೂರು ಸರ್ಕಾರದ ಬಸ್ಸು ಶುರುವಾಯ್ತು, ಬೆಟ್ಟಕ್ಕೆ ರಸ್ತೆ ಆಗಲೇ ಆಗಿತ್ತು. 1956ರಲ್ಲಿ ಕೇಂದ್ರ ಸರ್ಕಾರದ ನೌಕರರಿಗೆ ಎಲ್‌ಟಿಸಿ ಬಂತು. ಮುಂದೆ ಕೆಜಿಎಫ್‌ನಲ್ಲಿ, ಕಾರ್ಖಾನೆಗಳಲ್ಲಿ ಕೆಲಸಕ್ಕಿದ್ದ ನಮ್ಮ ನೆಂಟರಿಷ್ಟರು ಕಾಶಿ, ಆಗ್ರಾ, ಡೆಲ್ಲಿ ಅಂತ ಹೊರಟ್ರು. "ಟೂರ್" ಅನ್ನೋ ಮಾತು ನಮ್ಮ ಮನೆಗೆ ಬಂದಿದ್ದು ಆವಾಗ. ಜತೆಗೆ ಬಂದಿದ್ದು ಸೀಮೆಎಣ್ಣೆ ಸ್ಟೋವ್, ಅಕ್ಕಿ ಮೂಟೆ, ರಾಗಿಹಿಟ್ಟಿನ ಡಬ್ಬ. ಹೋಟೆಲ್ ಖರ್ಚು ಉಳಿಸಬೇಕು, ಆ ಕಡೆ ಊಟ ಒಗ್ಗಲ್ಲ, ಅದಕ್ಕೆ ಛತ್ರದಲ್ಲೇ ಅಡುಗೆ. ನಮ್ಮ ಪಕ್ಕದ ಮನೆ ದೊಡ್ಡಮ್ಮನ್ನ ಆಗ್ರಾದಲ್ಲಿ ಏನು ನೋಡಿದ್ರಿ ಅಂತ ಕೇಳಿದ್ರೆ, "ಸ್ಟೋವಿನ ಪಿನ್ನು ಕಣಮ್ಮ, ಅಲ್ಲೆಲ್ಲೂ ಸಿಗ್ಲಿಲ್ಲ" ಅಂದಿದ್ರು. ಉಳಿದ ದುಡ್ಡಿನ ಲೆಕ್ಕ ಎಲ್ಲರೂ ಹೇಳ್ತಾರೆ. ಆ ದುಡ್ಡು ಯಾರ ಸೊಂಟದಿಂದ ಉಳೀತು ಅಂತ ಲೆಕ್ಕ ಬರ್ದವರಿಲ್ಲ.

ಈಗ ದೊಡ್ಡ ರಸ್ತೆ. ಕೋಲಾರದಿಂದ ತಿರುಪತಿ ಸುಮಾರು 180 ಕಿಲೋಮೀಟರ್, ಒಂದು ಕಾಫಿ ಕುಡಿದು ಹತ್ತಿದ್ರೆ ಊಟದ ಹೊತ್ತಿಗೆ ಅಲ್ಲಿ. ನಮ್ಮಮ್ಮ ತಿರುಪತಿಗೆ ಹನ್ನೊಂದು ಸಲ ಹೋಗಿದ್ದಾರೆ. ಅದ್ರಲ್ಲಿ ನರಸಿಂಹತೀರ್ಥ ನೋಡಿದ್ದು ಒಂದು ಸಲ, ಅದೂ ಕಾರಿನ ಟೈರ್ ಪಂಕ್ಚರ್ ಆಗಿ. ಅಜ್ಜಿಯ ಒಂದು ಯಾತ್ರೆಗೆ ಇರೋ ಕಥೆ ಅಮ್ಮನ ಹನ್ನೊಂದಕ್ಕೆ ಇಲ್ಲ. ಯಾಕಂದ್ರೆ ಎತ್ತು ಹೋಯ್ತು, ರೈಲು ಬದಲಾಯಿಸೋದು ಹೋಯ್ತು, ಎತ್ತಿನ ಜತೆ ಬಂದಿದ್ದ ವಿಶ್ರಾಂತಿಯೂ ಹೋಯ್ತು. ಅದನ್ನ ಯಾರೂ ಬೇಕಂತ ಕೊಟ್ಟಿದ್ದಲ್ಲ, ಹಾಗಾಗಿ ಹೋದಾಗ ಯಾರಿಗೂ ಗೊತ್ತಾಗ್ಲಿಲ್ಲ. ಈಗ ಬೇಕು ಅಂದ್ರೆ ನಾವೇ ಬಾಯಿಬಿಟ್ಟು ಕೇಳಿ ಇಟ್ಕೊಬೇಕು.

ಅಮ್ಮನಿಗೆ ಮಂಡಿ ನೋವು ಶುರುವಾದ ಮೇಲೆ ನಮ್ಮ ಮನೇಲಿ ಅದನ್ನೇ ಮಾಡ್ತಿದೀವಿ. ಹಿಂದಿನ ದಿನ ಸಾಯಂಕಾಲವೇ ಹೊರಟು ಮುಳಬಾಗಿಲಲ್ಲಿ ಉಳ್ಕೊಳ್ಳೋದು. ರಾತ್ರಿಗೆ ಮುಳಬಾಗಿಲು ದೋಸೆ, ಯಾರ ಮನೇಲೂ ಪಾತ್ರೆ ತೊಳೆಯೋ ಹಂಗಿಲ್ಲ. ಬೆಳಿಗ್ಗೆ ತಂಪು ಹೊತ್ತಲ್ಲಿ ಕುರುಡುಮಲೆ. ಒಂದೇ ಕಲ್ಲಲ್ಲಿ ಕಡೆದ, ಹದಿಮೂರು ಅಡಿ ಮೀರಿದ ಗಣಪತಿ. ಏನು ಶುರು ಮಾಡೋಕೂ ಮುಂಚೆ ಅಲ್ಲಿ ಕೈಮುಗಿಯೋದು ನಮ್ಮ ಸೀಮೆಯ ಹಳೇ ರೂಢಿ ತಾನೆ? ಅಲ್ಲಿಂದ ನರಸಿಂಹತೀರ್ಥ, ಆಮೇಲೆ ಮುಂದಿನ ದಾರಿ. ಮೊದಲ ಸಲ ಗಂಡಸರು "ಒಂದು ದಿನ ದಂಡ" ಅಂದ್ರು. ಅಮ್ಮ ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಅಜ್ಜಿ ಕಥೆ ಹೇಳೋಕೆ ಶುರುಮಾಡಿದಾಗ ಅವರೂ ಬಂದು ಕೂತ್ರು.

ಅಡುಗೆ ಸಾಮಾನು ಒಯ್ಯೋದನ್ನ ನಿಲ್ಲಿಸಿದೀವಿ. ಹುರಿಟ್ಟು, ಕಡ್ಲೆಕಾಯಿ, ನಿಪ್ಪಟ್ಟು ಸಾಕು. ಬೆಟ್ಟದ ಮೇಲೆ ತರಿಗೊಂಡ ವೆಂಗಮಾಂಬ ಅನ್ನಪ್ರಸಾದ ಭವನ ಐತೆ. ಆ ವೆಂಗಮ್ಮ ಹದಿನೆಂಟನೇ ಶತಮಾನದ ತೆಲುಗು ಕವಯಿತ್ರಿ, ಚಿಕ್ಕ ವಯಸ್ಸಿಗೇ ಗಂಡನ್ನ ಕಳ್ಕೊಂಡು ಬೆಟ್ಟ ಸೇರಿದ ಹೆಂಗಸು. ಬಂದ ಭಕ್ತರಿಗೆ ಅನ್ನ ಹಾಕಿದವರು ಅಂತ ಅವರ ಹೆಸರಿಟ್ಟಿದ್ದಾರೆ. ಅಲ್ಲಿ ಸಾಲಲ್ಲಿ ಕೂತು ಬಡಿಸಿಸ್ಕೊಂಡು ಉಂಡ ಊಟದಷ್ಟು ರುಚಿ ನನಗೆ ಇನ್ನೆಲ್ಲೂ ಸಿಕ್ಕಿಲ್ಲ. ಬಡಿಸೋರು ನಾವಲ್ಲವಲ್ಲ.

ದುಡ್ಡಿಗೆ ಅಜ್ಜಿಯ ಮುಡಿಪೇ ದಾರಿ. ಅರಿಶಿನದ ಬಟ್ಟೇಲಿ ಕಾಸು ಕಟ್ಟಿ ದೇವರ ಗೂಡಲ್ಲಿ ಇಡೋದು. ಹರಕೆ ಅಂತ ಹೆಸರು, ನಿಜಕ್ಕೂ ಉಳಿತಾಯ. ದೇವರದ್ದು ಅಂದ ಮೇಲೆ ಯಾರೂ ಮುಟ್ಟಲ್ಲ. ನಾವು ಎರಡು ಗಂಟು ಕಟ್ತೀವಿ. ಒಂದು ವೆಂಕಟರಮಣನದ್ದು. ಇನ್ನೊಂದು ದಾರಿ ಖರ್ಚಿಂದು, ಮಕ್ಕಳೂ ಐದೋ ಹತ್ತೋ ಹಾಕ್ತಾರೆ. ಹಾಗಾಗಿ ದಾರೀಲಿ ಕಂಡಿದ್ದೆಲ್ಲ ಕೊಡಿಸು ಅನ್ನೋ ಹಟ ಕಮ್ಮಿ, ತಮ್ಮ ದುಡ್ಡಲ್ವಾ. ಬಟ್ಟೆ ಗಂಟೂ ಅವರವರದ್ದು ಅವರವರೇ ಹೊರಬೇಕು, ಗಂಡಸರೂ ಸೇರಿ. ವಾಪಸ್ ಬರೋದು ರಜ ಮುಗಿಯೋಕೆ ಒಂದು ದಿನ ಮುಂಚೆ. ಆ ದಿನ ಮನೇಲಿ ಅನ್ನ, ಸಾರು, ನಿದ್ದೆ, ಅಷ್ಟೆ.

ದೂರ ಹೋಗೋಕೆ ಆಗದ ವರ್ಷವೂ ಬರುತ್ತೆ. ಮಾಲೂರಿನ ಕಡೆಯೋರಿಗೆ ಚಿಕ್ಕತಿರುಪತಿ ಐತೆ, ದೊಡ್ಡ ತಿರುಪತಿಗೆ ಹೋಗಲಾರದ ಎಷ್ಟು ಜನ ಅಲ್ಲೇ ಮುಡಿ ಕೊಟ್ಟಿಲ್ಲ! ಆವಣಿ ಬೆಟ್ಟ ಐತೆ, ಸೀತಾಪಾರ್ವತಿ ಗುಡಿ, ಲವಕುಶರು ಹುಟ್ಟಿದ ಜಾಗ ಅಂತಾರೆ. ಶಿವರಾತ್ರಿ ಟೈಮಿನ ಆವಣಿ ಜಾತ್ರೆಗೆ ದನ ಕೊಳ್ಳೋಕೆ ಗಂಡಸರು ಹೋದ್ರೆ, ಜತೆಗೆ ಹೋದ ಹೆಂಗಸರಿಗೆ ವರ್ಷಕ್ಕೊಂದು ರಜ ಅದು. ಕೋಲಾರದವರಿಗೆ ಅಂತರಗಂಗೆ ಪಕ್ಕದಲ್ಲೇ. ಅರ್ಧ ದಿನ ಸಾಕು, ಕಲ್ಲಿನ ಬಸವನ ಬಾಯಿಂದ ಬರೋ ನೀರಿಗೆ ಕಾಲೊಡ್ಡಿ ಬರೋಕೆ.

ಈ ಸಲ ಮೇ ಎರಡನೇ ವಾರ ಅಂದ್ಕೊಂಡಿದೀವಿ, ಮಾವಿನಹಣ್ಣು ಮಂಡಿಗೆ ಬರೋ ಹೊತ್ತು. ಓರಗಿತ್ತಿ ಬರ್ತಾಳೆ, ಅಮ್ಮನೂ ಬರ್ತಾರೆ, ಇದು ಹನ್ನೆರಡನೇ ಸಲ. ಮಾಲೂರಿನ ಚಿಕ್ಕಮ್ಮ ಬರೋದಾದ್ರೆ ಈ ವಾರದಲ್ಲೇ ಹೇಳಿ, ಮುಳಬಾಗಿಲಲ್ಲಿ ಇನ್ನೊಂದು ರೂಮ್ ಹಿಡೀಬೇಕು. ಹುರಿಟ್ಟು ನಾನು ಮಾಡಿಸ್ತೀನಿ, ಬೆಲ್ಲ ನೀವು ತನ್ನಿ.