ಸಿ.ಟಿ. ಸ್ಕ್ಯಾನ್ ಕೊಟ್ಟ ವಾಯುಪಡೆ ಮೆಕ್ಯಾನಿಕ್: ಯಾರು ಈ ಹೌನ್ಸ್‌ಫೀಲ್ಡ್?

ಬೈಕಿಂದ ಬಿದ್ದು ತಲೆಗೆ ಪೆಟ್ಟಾಗಿದೆ ಅಂದ್ರೆ ಸಾಕು, ಊರಲ್ಲಿ ಎಲ್ಲರೂ ಕೇಳೋದು ಒಂದೇ ಮಾತು: ‘ಸಿ.ಟಿ. ಸ್ಕ್ಯಾನ್ ಮಾಡಿಸಿದ್ರಾ?’ ಒಳಗೆ ರಕ್ತಸ್ರಾವ ಆಗಿದೆಯಾ ಇಲ್ಲವಾ ಅನ್ನೋದನ್ನು ತಲೆ ತೆರೆಯದೆ, ಕೆಲವೇ ನಿಮಿಷದಲ್ಲಿ ತೋರಿಸುವ ಯಂತ್ರ ಇದು. ಇದನ್ನು ಕಟ್ಟಿದವರು ವೈದ್ಯರಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲಿ ರೇಡಾರ್ ಕೆಲಸ ಮಾಡಿದ್ದ, ವಿಶ್ವವಿದ್ಯಾಲಯದ ಪದವಿಯೇ ಇಲ್ಲದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್.

ರೈತನ ಮನೆಯ ಹುಡುಗ

ಹುಟ್ಟಿದ್ದು 1919ರ ಆಗಸ್ಟ್ 28ರಂದು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನಲ್ಲಿ. ಐದು ಮಕ್ಕಳಲ್ಲಿ ಕೊನೆಯವರು. ಶಾಲೆಯಲ್ಲಿ ಗಣಿತ, ಭೌತಶಾಸ್ತ್ರ ಬಿಟ್ಟರೆ ಬೇರೆ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಜಮೀನಿನಲ್ಲಿದ್ದ ಯಂತ್ರಗಳೇ ಆಟಿಕೆ. ಹುಲ್ಲಿನ ಬಣವೆ ಮೇಲಿಂದ ತಾವೇ ಮಾಡಿದ ಗ್ಲೈಡರ್ ಹಿಡಿದು ಹಾರಿದ್ದೂ ಉಂಟು.

ವಾಯುಪಡೆ ಕಲಿಸಿದ್ದು

ಯುದ್ಧ ಶುರುವಾಗುವ ಹೊತ್ತಿಗೆ ಅವರು ವಾಯುಪಡೆಯ ಮೀಸಲು ದಳ ಸೇರಿದರು. ರೇಡಿಯೊ ಪುಸ್ತಕಗಳನ್ನು ತಾವೇ ಓದಿಕೊಂಡು ಪರೀಕ್ಷೆ ಬರೆದು ಪಾಸಾದರು. ರೇಡಾರ್ ಮೆಕ್ಯಾನಿಕ್‌ಗಳಿಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಕ್ರಾನ್‌ವೆಲ್ ರೇಡಾರ್ ಶಾಲೆಯಲ್ಲಿದ್ದಾಗ ಪಾಠಕ್ಕೆ ಬೇಕಾದ ಉಪಕರಣಗಳನ್ನೂ ಸ್ವತಃ ಕಟ್ಟಿದರು.

ಈ ಕೆಲಸ ಮೇಲಧಿಕಾರಿಗಳ ಕಣ್ಣಿಗೆ ಬಿತ್ತು. ಯುದ್ಧ ಮುಗಿದ ಮೇಲೆ ಏರ್ ವೈಸ್ ಮಾರ್ಷಲ್ ಕ್ಯಾಸಿಡಿ ಅವರಿಗೆ ಓದಲು ಸಹಾಯಧನ ಕೊಡಿಸಿದರು. ಹಾಗಾಗಿ ಲಂಡನ್ನಿನ ಫ್ಯಾರಡೆ ಹೌಸ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ ಆಯಿತು. ಓದಿದ್ದು ಅಷ್ಟೇ. ಅಲ್ಲಿಂದ ಇಎಂಐ ಕಂಪನಿ ಸೇರಿ ಮೊದಲು ರೇಡಾರ್, ಆಮೇಲೆ ಕಂಪ್ಯೂಟರ್ ಕಡೆ ಹೊರಳಿದರು.

ಮುಚ್ಚಿದ ಡಬ್ಬಿಯ ಲೆಕ್ಕ

1967ರ ಸುಮಾರಿಗೆ ಅವರಿಗೆ ಹೊಳೆದ ಯೋಚನೆ ಹೀಗಿತ್ತು: ಮುಚ್ಚಿದ ಡಬ್ಬಿಯ ಸುತ್ತ ಎಲ್ಲ ಕೋನದಿಂದ ಕಿರಣ ಹಾಯಿಸಿ ಅಳೆದರೆ, ಒಳಗೆ ಏನೇನಿದೆ ಅಂತ ಲೆಕ್ಕ ಹಾಕಿ ಹೇಳಬಹುದಲ್ಲ?

ಸಾಮಾನ್ಯ ಎಕ್ಸ್-ರೇಯಲ್ಲಿ ಎಲ್ಲವೂ ಒಂದರ ಮೇಲೊಂದು ನೆರಳಾಗಿ ಬೀಳುತ್ತೆ. ತಲೆಬುರುಡೆ ಕಾಣುತ್ತೆ, ಮಿದುಳು ಕಾಣಲ್ಲ. ಆ ಕಾಲದಲ್ಲಿ ಮಿದುಳಿನ ಗಡ್ಡೆ ಪತ್ತೆಗೆ ಬೆನ್ನುಹುರಿ ಸುತ್ತಲಿನ ದ್ರವ ತೆಗೆದು ಗಾಳಿ ತುಂಬಿಸಿ ಎಕ್ಸ್-ರೇ ತೆಗೆಯುತ್ತಿದ್ದರು. ರೋಗಿಗೆ ವಿಪರೀತ ತಲೆನೋವು, ವಾಂತಿ. ಈ ಹಿಂಸೆ ತಪ್ಪಿಸುವುದೇ ಹೊಸ ಯಂತ್ರದ ಮೊದಲ ಕೆಲಸವಾಯಿತು.

ಪ್ರಯೋಗಾಲಯದ ಮೊದಲ ಸ್ಕ್ಯಾನ್‌ಗೆ ಹಿಡಿದಿದ್ದು 9 ದಿನ. ಸುಮಾರು 28,000 ಅಳತೆಗಳನ್ನು ಲೆಕ್ಕ ಹಾಕಲು ಕಂಪ್ಯೂಟರಿಗೆ ಎರಡೂವರೆ ಗಂಟೆ ಬೇಕಾಯಿತು. ಕಿರಣದ ಮೂಲ ಬದಲಿಸಿದ ಮೇಲೆ 9 ದಿನ 9 ಗಂಟೆಗೆ ಇಳಿಯಿತು. ಕಸಾಯಿಖಾನೆಯಿಂದ ತಂದ ದನದ ಮಿದುಳಿನ ಮೇಲೂ ಪರೀಕ್ಷೆ ನಡೆಯಿತು.

1971ರ ಅಕ್ಟೋಬರ್ 1

ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆ. ಮಿದುಳಿನಲ್ಲಿ ಗಡ್ಡೆ ಇರಬಹುದು ಎಂಬ ಅನುಮಾನವಿದ್ದ ಮಹಿಳೆಯ ತಲೆಯನ್ನು ರೇಡಿಯಾಲಜಿಸ್ಟ್ ಜೇಮ್ಸ್ ಆಂಬ್ರೋಸ್ ಜೊತೆ ಸೇರಿ ಸ್ಕ್ಯಾನ್ ಮಾಡಿದರು. ಚಿತ್ರದಲ್ಲಿ ಇದ್ದದ್ದು ಅಡ್ಡ 80, ಉದ್ದ 80 ಚೌಕಗಳು ಮಾತ್ರ. ಆದರೂ ತೊಂದರೆ ಎಲ್ಲಿದೆ ಅಂತ ಸ್ಪಷ್ಟವಾಗಿ ಕಂಡಿತು. ಆಪರೇಷನ್ ಮಾಡಿದಾಗ ಚಿತ್ರದಲ್ಲಿ ಕಂಡಂತೆಯೇ ಸಿಕ್ಕಿತು.

1972ರಲ್ಲಿ ಯಂತ್ರದ ವಿಷಯ ಜಗತ್ತಿಗೆ ಪ್ರಕಟವಾಯಿತು. ಇಎಂಐಯ ವೈದ್ಯಕೀಯ ಯಂತ್ರಗಳ ವಿಭಾಗವನ್ನು ಹೌನ್ಸ್‌ಫೀಲ್ಡ್ ಅವರೇ ಮುನ್ನಡೆಸಿದರು. ತಲೆಗೆ ಸೀಮಿತವಾಗಿದ್ದ ಸ್ಕ್ಯಾನ್ ಕೆಲವೇ ವರ್ಷಗಳಲ್ಲಿ ಇಡೀ ದೇಹಕ್ಕೆ ಬಂತು. 1979ರಲ್ಲಿ ವೈದ್ಯಕೀಯ ನೊಬೆಲ್ ಸಿಕ್ಕಿತು. ಇದೇ ಲೆಕ್ಕದ ಸಿದ್ಧಾಂತವನ್ನು ಬೇರೆಯಾಗಿಯೇ ಬರೆದಿದ್ದ ಅಲನ್ ಕಾರ್ಮ್ಯಾಕ್ ಜೊತೆ ಪ್ರಶಸ್ತಿ ಹಂಚಿಕೆಯಾಯಿತು. 1981ರಲ್ಲಿ ‘ಸರ್’ ಪದವಿ ಬಂತು. ಅವರು ಮದುವೆಯಾಗಲಿಲ್ಲ. 2004ರ ಆಗಸ್ಟ್ 12ರಂದು ತೀರಿಕೊಂಡರು.

ನಿಮ್ಮ ರಿಪೋರ್ಟಿನಲ್ಲೂ ಅವರ ಹೆಸರು

ಸಿ.ಟಿ. ರಿಪೋರ್ಟಿನಲ್ಲಿ ಕೆಲವೊಮ್ಮೆ ‘ಎಚ್‌ಯು’ ಅಂತ ಒಂದು ಸಂಖ್ಯೆ ಇರುತ್ತೆ. ಅದು ‘ಹೌನ್ಸ್‌ಫೀಲ್ಡ್ ಯೂನಿಟ್’. ನೀರಿಗೆ 0, ಗಾಳಿಗೆ ಮೈನಸ್ 1000. ಕೊಬ್ಬು ನೀರಿಗಿಂತ ಕೆಳಗೆ, ಮೂಳೆ ತುಂಬಾ ಮೇಲೆ. ಆಗಷ್ಟೇ ಹೆಪ್ಪುಗಟ್ಟಿದ ರಕ್ತದ ಸಂಖ್ಯೆ ಮಿದುಳಿಗಿಂತ ಜಾಸ್ತಿ, ಅದಕ್ಕೇ ಚಿತ್ರದಲ್ಲಿ ಬಿಳಿಯಾಗಿ ಕಾಣೋದು. ತುರ್ತು ವಿಭಾಗದ ಡಾಕ್ಟರ್ ಮೊದಲು ಹುಡುಕೋದು ಆ ಬಿಳಿಯನ್ನೇ.

ಒಂದು ಮಾತು ನೆನಪಿರಲಿ: ಸಿ.ಟಿ.ಯಲ್ಲಿ ವಿಕಿರಣ ಸಾಮಾನ್ಯ ಎಕ್ಸ್-ರೇಗಿಂತ ಹೆಚ್ಚು. ಡಾಕ್ಟರ್ ಹೇಳದೆ ಸುಮ್ಮನೆ ಮಾಡಿಸಬೇಡಿ. ಗರ್ಭಿಣಿಯರು, ಗರ್ಭಿಣಿ ಇರಬಹುದು ಅನ್ನೋ ಅನುಮಾನ ಇರುವವರು ಸ್ಕ್ಯಾನ್ ಕೋಣೆಗೆ ಹೋಗುವ ಮೊದಲೇ ಸಿಬ್ಬಂದಿಗೆ ತಿಳಿಸಿ. ಹಳೇ ಸ್ಕ್ಯಾನ್ ಫಿಲ್ಮ್ ಇದ್ದರೆ ಜೊತೆಗೆ ತೆಗೆದುಕೊಂಡು ಹೋಗಿ.