ಕಾಫಿ ಜಗ್ಗಿನಿಂದ ಮೋಡದವರೆಗೆ...

ಮಲೆನಾಡಿನ ನಮ್ಮ ಮನೆಯ ಮಾಳಿಗೆ ಕಿಟಕಿಗೆ ಒಂದು ಹಳೇ ಮೊಬೈಲ್ ಕಟ್ಟಿಟ್ಟಿದ್ದೇನೆ. ಅದು ನಿಮಿಷಕ್ಕೊಂದು ಫೋಟೋ ತೆಗೆದು ಬೆಂಗಳೂರಿನಲ್ಲಿರುವ ನನಗೆ ಕಳಿಸುತ್ತದೆ. ಅಂಗಳ, ಅಡಿಕೆ ತೋಟದ ತುದಿ, ಪಡುವಣ ಗುಡ್ಡ, ಅದರ ಮೇಲೆ ಆಕಾಶ. ಕಾಣೋದು ಇಷ್ಟೇ. ದಿನಕ್ಕೆ 1440 ಚಿತ್ರ. ಸೆಕೆಂಡಿಗೆ 24ರಂತೆ ಪೋಣಿಸಿದರೆ ಸರಿಯಾಗಿ 60 ಸೆಕೆಂಡಿನ ಸಿನಿಮಾ. ಅದರಲ್ಲಿ ಅರ್ಧ ಬರೀ ಕತ್ತಲು ಅನ್ನೋದು ಬೇರೆ ಮಾತು :)

ಈ ಚಟದ ಮೂಲಪುರುಷರು ಯಾರು ಅಂತ ಹುಡುಕುತ್ತಾ ಹೋದರೆ ಸಿಕ್ಕಿದ್ದು ಕಾಫಿ!

1991. ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನ ಟ್ರೋಜನ್ ರೂಮ್ ಬಳಿ ಒಂದೇ ಒಂದು ಕಾಫಿ ಯಂತ್ರವಿತ್ತು. ಬೇರೆ ಮಹಡಿಯವರು ಅಲ್ಲಿವರೆಗೆ ಬಂದರೆ ಜಗ್ಗು ಖಾಲಿ. ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಜ್ಕಿ ಅದರ ಮುಂದೊಂದು ಕ್ಯಾಮರಾ ಇಟ್ಟು, ಪ್ರೋಗ್ರಾಂ ಬರೆದು, ಕೂತಲ್ಲೇ ಜಗ್ಗು ಕಾಣುವ ಹಾಗೆ ಮಾಡಿದರು. 128x128 ಪಿಕ್ಸೆಲ್, ಕಪ್ಪು-ಬಿಳುಪು. 1993ರಲ್ಲಿ ಡೇನಿಯಲ್ ಗಾರ್ಡನ್ ಮತ್ತು ಮಾರ್ಟಿನ್ ಜಾನ್ಸನ್ ಅದನ್ನು ವೆಬ್ಬಿಗೆ ಜೋಡಿಸಿದರು. ಜಗತ್ತಿನ ಮೊದಲ ವೆಬ್‌ಕ್ಯಾಮ್ ಹುಟ್ಟಿದ್ದು ಹೀಗೆ. ಸೋಮಾರಿತನಕ್ಕೆ ಜಯವಾಗಲಿ!

ಕಾಫಿಯಿಂದ ಆಕಾಶಕ್ಕೆ ಬರಲು ಹೆಚ್ಚು ದಿನ ಬೇಕಾಗಲಿಲ್ಲ. 1994ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಫಾಗ್‌ಕ್ಯಾಮ್ ಶುರುವಾಯಿತು. ಮಂಜಿಗೆ ಹೆಸರಾದ ಊರು, ಹೆಸರು ಸರಿಯಾಗೇ ಇದೆ. 2019ರಲ್ಲಿ ನಿಲ್ಲಿಸುತ್ತೇವೆ ಅಂದಿದ್ದರು. ಕೊನೆಗೆ ವಿಶ್ವವಿದ್ಯಾಲಯವೇ ಅದನ್ನು ವಹಿಸಿಕೊಂಡಿತು. ಅದೇ 1994ರಲ್ಲಿ ಕನೆಕ್ಟಿಕ್ಸ್ ಕಂಪನಿಯ ಕ್ವಿಕ್‌ಕ್ಯಾಮ್ ಮಾರುಕಟ್ಟೆಗೆ ಬಂತು. ಸುಮಾರು 100 ಡಾಲರು, 320x240 ಪಿಕ್ಸೆಲ್, 16 ಛಾಯೆಯ ಬೂದು. ಆಮೇಲೆ ಅಲ್ಲಿನ ಮನೆಮನೆಯ ಕಿಟಕಿಗಳೂ ಆಕಾಶ ತೋರಿಸತೊಡಗಿದವು.

ಕೆಲಸ ಮಾಡುವ ರೀತಿ ಬಲು ಸರಳ. ಹೊಸ ಚಿತ್ರ ಬಂದೊಡನೆ ಅದೇ ಹೆಸರಿನ ಹಳೇ ಫೈಲಿನ ಮೇಲೆ ಬರೆಯುವುದು. ಹಿಂದಿನದು ಮಾಯ! ವೆಬ್‌ಕ್ಯಾಮಿಗೆ 'ಈಗ' ಮಾತ್ರ ಗೊತ್ತು, 'ಆಗ' ಗೊತ್ತಿಲ್ಲ.

ಮೋಡವನ್ನು ಸಿನಿಮಾ ಮಾಡುವ ಹುಚ್ಚು ಇದಕ್ಕಿಂತ ಎಷ್ಟೋ ಹಳೆಯದು. ಜಪಾನಿನ ಭೌತವಿಜ್ಞಾನಿ ಮಸನಾವೊ ಅಬೆ 1927ರಲ್ಲಿ ಫ್ಯೂಜಿ ಪರ್ವತದ ಬುಡದ ಗೊಟೆಂಬಾದಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿ, ಮೋಡಗಳ ಫೋಟೋ, ಫಿಲ್ಮು ತೆಗೆಯುತ್ತಾ ಕೂತರು. ಕಣ್ಣಿಗೆ ಕಾಣದ ಗಾಳಿ ಬೆಟ್ಟ ಸುತ್ತುವುದನ್ನು ಮೋಡದಿಂದ ಓದುವುದು ಅವರ ಉದ್ದೇಶ. ಅವರು ತೆಗೆದದ್ದು ಇವತ್ತಿಗೂ ಉಳಿದಿದೆ. ಯಾಕೆಂದರೆ ಅವರು ಎತ್ತಿಟ್ಟರು.

ನಾನು ಎತ್ತಿಡಲಿಲ್ಲ.

ಡಿಸ್ಕ್ ತುಂಬಬಾರದು ಅಂತ 7 ದಿನಕ್ಕಿಂತ ಹಳೆಯದೆಲ್ಲ ಅಳಿಸಿಹಾಕುವ ಸ್ಕ್ರಿಪ್ಟ್ ಬರೆದಿದ್ದೆ. ಹೋದ ವರ್ಷ ಶ್ರಾವಣದಲ್ಲಿ ಅಜ್ಜ ತೀರಿಕೊಂಡರು. ಪ್ರತಿ ದಿನದ ಸಿನಿಮಾದಲ್ಲೂ ಅವರು ಇರುತ್ತಿದ್ದರು. ನಿಮಿಷಕ್ಕೊಂದೇ ಚಿತ್ರವಾದ್ದರಿಂದ ಜಗುಲಿಯಂಚಿನಿಂದ ಮಾಯವಾಗಿ ಅಂಗಳದಲ್ಲಿ, ಅಲ್ಲಿಂದ ಮಾಯವಾಗಿ ತೋಟದ ದಣಪೆಯಲ್ಲಿ ಪ್ರತ್ಯಕ್ಷ! ನೋಡಿ ನಗುತ್ತಿದ್ದೆ. ವೈಕುಂಠ ಸಮಾರಾಧನೆ ಮುಗಿಸಿ ಬೆಂಗಳೂರಿಗೆ ಬಂದು ಲ್ಯಾಪ್‌ಟಾಪ್ ತೆಗೆದರೆ, ಸ್ಕ್ರಿಪ್ಟ್ ಒಂದು ದಿನವೂ ತಪ್ಪದೆ ತನ್ನ ಕೆಲಸ ಮಾಡಿ ಮುಗಿಸಿತ್ತು. ಒಂದು ದಿನದ ಸಿನಿಮಾ 20 ಎಂಬಿ. ವರ್ಷಕ್ಕೆ ಸುಮಾರು 7 ಜಿಬಿ. ನಾನು ಉಳಿಸಲು ಹೊರಟಿದ್ದು ಅಷ್ಟು ಜಾಗ.

ಆ ಕಾಫಿ ಕ್ಯಾಮರಾ 2001ರ ಆಗಸ್ಟ್ 22ರಂದು ನಿಂತಿತು. ಜಗ್ಗು 3,350 ಪೌಂಡಿಗೆ ಹರಾಜಾಗಿ ಜರ್ಮನಿಯ ಸ್ಪೀಗೆಲ್ ಆನ್‌ಲೈನ್ ಪಾಲಾಯಿತು. ಕೊನೆಯ ಚಿತ್ರವನ್ನು ಎತ್ತಿಟ್ಟಿದ್ದಾರೆ. ಅದರಲ್ಲಿ ಸ್ವಿಚ್ ಆರಿಸಲು ಹೊರಟ ಬೆರಳುಗಳಿವೆ.

ನನ್ನ ಬಳಿ ಉಳಿದಿರುವುದು ಒಂದೇ. ಮೊಬೈಲ್ ಕಟ್ಟಿದ ದಿನದ ಪರೀಕ್ಷೆಯ ಚಿತ್ರ, ಬೇರೆ ಫೋಲ್ಡರಿನಲ್ಲಿತ್ತು. ಕನ್ನಡಕ ಹಣೆಗೇರಿಸಿ ಅಜ್ಜ ಕ್ಯಾಮರಾದೊಳಗೇ ಇಣುಕುತ್ತಿದ್ದಾರೆ. "ಮಳೆ ಬಂದ್ಮೇಲೆ ತೋರಿಸ್ತದಾ, ಬರೋಕೆ ಮುಂಚೆ ತೋರಿಸ್ತದಾ ಮಾರಾಯ?" ಅಂತ ಆವತ್ತು ಕೇಳಿದ್ದರು.

ಸ್ಕ್ರಿಪ್ಟಿನಲ್ಲಿ ಆ ಅಳಿಸುವ ಸಾಲನ್ನು ತೆಗೆದುಹಾಕಿದ್ದೇನೆ. ನೀವೂ ಇಂಥದ್ದೇನಾದರೂ ಇಟ್ಟುಕೊಂಡಿದ್ದರೆ ಒಮ್ಮೆ ನೋಡಿಬಿಡಿ, ಆಯ್ತಾ?